ಹಿಕ್ಕೆ ಎಣಿಸಿದ ಬೇಸಿಗೆ

2024ರ ಮಾರ್ಚ್ ತಿಂಗಳ ಒಂದು ಸಂಜೆ ನನ್ನ ಅಣ್ಣನ ಮಗ ದೂರವಾಣಿ ಮಾಡಿ, "ಚಿಕ್ಕಪ್ಪ, ನಿಮ್ಮ ಮೊಮ್ಮಗಳು ಎರಡು ತಿಂಗಳು ನಿಮ್ಮಲ್ಲಿ ಬಂದಿರ್ತಾಳೆ. ದಾವಣಗೆರೆ, ಹರಿಹರದ ಕೆರೆಗಳಲ್ಲಿ ಹಕ್ಕಿ ಎಣಿಸುವ ಕೆಲಸವಂತೆ. ನಮ್ಮ ಮಾತು ಕೇಳುವುದಿಲ್ಲ. ನೀವಾದರೂ ನಾಲ್ಕು ಬುದ್ಧಿ ಹೇಳಿ" ಎಂದನು. ಅವನ ದನಿಯಲ್ಲಿ ಕೋಪಕ್ಕಿಂತ ಸಂಕೋಚವೇ ಹೆಚ್ಚಾಗಿತ್ತು. ಹುಡುಗಿಯ ಪದವಿಯ ಕೊನೆಯ ವರ್ಷ. ಒಂದೆರಡು ಕಡೆಯಿಂದ ಕನ್ಯೆ ಕೇಳಿಕೊಂಡು ಬಂದಿದ್ದರು. ಇಂಥ ಹೊತ್ತಿನಲ್ಲಿ ಮಗಳು ಬೇಸಿಗೆಯ ಬಿಸಿಲಲ್ಲಿ ಕೆರೆಯ ಏರಿ ಸುತ್ತುತ್ತಾಳೆಂದು ಬೀಗರಾಗಬಹುದಾದವರ ಮುಂದೆ ಹೇಗೆ ಹೇಳುವುದು ಎಂಬ ಚಿಂತೆ ಅವನದು.

ಬುದ್ಧಿ ಹೇಳಲು ನಾನೂ ಸಿದ್ಧನಾಗಿಯೇ ಇದ್ದೆ. ಮಠದ ಪ್ರಸಾದ ನಿಲಯದಲ್ಲಿ ಬೆಳೆದು, ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂರು ದಶಕಗಳ ಕಾಲ ತರಗತಿಯಲ್ಲಿ ಕಾವ್ಯ ವ್ಯಾಕರಣಗಳನ್ನು ಬೋಧಿಸಿದವನಿಗೆ ಬುದ್ಧಿವಾದವೆಂಬುದು ನಾಲಿಗೆಯ ತುದಿಯಲ್ಲಿಯೇ ಇರುತ್ತದೆ. ಆದರೆ ಏಪ್ರಿಲ್ ಮೊದಲ ವಾರ ಬಂದಿಳಿದ ಹುಡುಗಿ ನನ್ನ ಕಾಲಿಗೆ ನಮಸ್ಕರಿಸಿ ಎದ್ದವಳೇ, "ಸಣ್ಣಜ್ಜ, ನಾಳೆ ಬೆಳಗ್ಗೆ ಐದೂವರೆಗೆ ಕುಂದವಾಡ ಕೆರೆಗೆ ಹೋಗಬೇಕು. ಒಬ್ಬಳೇ ಹೋಗಲು ನಮ್ಮಪ್ಪ ಒಪ್ಪುವುದಿಲ್ಲ. ನೀವು ಬರುತ್ತೀರಾ?" ಎಂದು ಕೇಳಿದಳು. ಬುದ್ಧಿವಾದವನ್ನು ದಾರಿಯಲ್ಲಿ ಹೇಳಿದರಾಯಿತೆಂದು ಒಪ್ಪಿಕೊಂಡೆ.

ಅವಳ ಹುದ್ದೆಗೆ ಇಂಟರ್ನ್ ಎಂದು ಹೆಸರು. ನಮ್ಮ ದಾವಣಗೆರೆಯವರಿಗೆ ಈ ಶಬ್ದ ಹೊಸದೇನೂ ಅಲ್ಲ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ, ಬಿಳಿಯ ಕೋಟು ತೊಟ್ಟು ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡು ದೋಸೆ ಹೋಟೆಲಿನಲ್ಲಿ ಬೆಣ್ಣೆ ದೋಸೆಗೆ ಕಾದು ಕುಳಿತ ಇಂಟರ್ನ್‌ಗಳನ್ನು ಈ ಊರು ನೋಡುತ್ತಲೇ ಬಂದಿದೆ. ಆದರೆ ಇವಳ ಕೊರಳಲ್ಲಿದ್ದುದು ದುರ್ಬೀನು. ಕೈಯಲ್ಲಿ ರಟ್ಟಿನ ಹೊದಿಕೆಯ ಒಂದು ಪುಸ್ತಕ, ಅದಕ್ಕೆ ದಾರದಿಂದ ಕಟ್ಟಿದ ಒಂದು ಸೀಸದಕಡ್ಡಿ. ಪೆನ್ನೇಕೆ ಬೇಡವೆಂದರೆ, ನೀರು ಬಿದ್ದರೆ ಶಾಯಿ ಅಳಿಸುತ್ತದೆ, ಸೀಸ ಅಳಿಸುವುದಿಲ್ಲ ಎಂದಳು. ವನ್ಯಜೀವಿ ಅಧ್ಯಯನ ಮಾಡುವ ಸಣ್ಣ ತಂಡವೊಂದು ಅವಳನ್ನು ಎರಡು ತಿಂಗಳ ಮಟ್ಟಿಗೆ ಸೇರಿಸಿಕೊಂಡಿತ್ತು. ಕೊಡುತ್ತಿದ್ದ ಭತ್ಯೆ ಬಸ್ಸಿನ ಖರ್ಚಿಗೂ ಮಧ್ಯಾಹ್ನದ ಊಟಕ್ಕೂ ಸರಿಹೋಗುತ್ತಿತ್ತು.

ಆ ವರ್ಷದ ಬೇಸಿಗೆಯನ್ನು ಓದುಗ ಬಂಧುಗಳು ಮರೆತಿರಲಾರರು. 2023ರ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಸಾರಿತ್ತು. ಕೊಳವೆಬಾವಿಗಳು ಬತ್ತಿ ಅಡಿಕೆ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಿದ್ದ ಕಾಲ. ಕುಂದವಾಡ ಕೆರೆಯೆಂದರೆ ನಮ್ಮ ನಗರಕ್ಕೆ ಕುಡಿಯುವ ನೀರು ಕೊಡುವ ಕೆರೆ. ಭದ್ರಾ ನಾಲೆಯ ನೀರು ಅದಕ್ಕೆ ಆಧಾರ. ನಿವೃತ್ತನಾದ ಮೇಲೆ ವಾಯುಸೇವನೆಗೆಂದು ನಾನು ಅದರ ಏರಿಯನ್ನು ಎಷ್ಟು ಸಲ ಸುತ್ತಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಆ ಬೆಳಗ್ಗೆ ಅವಳೊಡನೆ ನಿಂತಾಗಲೇ ಆ ಕೆರೆಯಲ್ಲಿ ನೀರಲ್ಲದೆ ಬೇರೆಯೂ ಇದೆಯೆಂಬುದು ನನ್ನ ಗಮನಕ್ಕೆ ಬಂದದ್ದು.

ಎಣಿಸುವುದಕ್ಕೂ ಒಂದು ಶಾಸ್ತ್ರವಿದೆ. ಬೆಳಗಿನ ಗೊತ್ತಾದ ಹೊತ್ತಿಗೆ, ಏರಿಯ ಮೇಲಿನ ಗೊತ್ತಾದ ಆರು ಸ್ಥಳಗಳಲ್ಲಿ, ಪ್ರತಿಯೊಂದರಲ್ಲೂ ಹತ್ತು ನಿಮಿಷ ನಿಲ್ಲಬೇಕು. ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಇನ್ನೊಮ್ಮೆ ಎಣಿಸಬೇಕು. ಎರಡು ಲೆಕ್ಕಗಳು ಕೂಡಿಬರದಿದ್ದರೆ ಮೂರನೆಯ ಸಲ. ಹಾರಿ ಹೋದದ್ದು ಬೇರೆ, ಕುಳಿತದ್ದು ಬೇರೆ. ಗುರುತು ಹತ್ತದ ಹಕ್ಕಿಗೆ ಊಹೆಯ ಹೆಸರು ಕೊಡಬಾರದು. ಗುರುತಾಗಲಿಲ್ಲ ಎಂದೇ ಬರೆಯಬೇಕು. ಎಲ್ಲಕ್ಕಿಂತ ನನಗೆ ವಿಚಿತ್ರವೆನಿಸಿದ್ದು, ಒಂದೂ ಹಕ್ಕಿ ಕಾಣದಿದ್ದ ಸ್ಥಳದಲ್ಲಿಯೂ ಅವಳು ಪುಸ್ತಕ ತೆರೆದು ಸೊನ್ನೆ ಬರೆಯುತ್ತಿದ್ದುದು. "ಇಲ್ಲದ್ದನ್ನು ಯಾಕೆ ಬರೆಯುತ್ತೀ ತಾಯಿ?" ಎಂದು ಕೇಳಿದೆ. "ಬರೆಯದಿದ್ದರೆ ಮುಂದೆ ನೋಡುವವರಿಗೆ ನಾವು ಅಲ್ಲಿಗೆ ಹೋಗಲಿಲ್ಲವೋ, ಹೋಗಿಯೂ ಹಕ್ಕಿ ಇರಲಿಲ್ಲವೋ ತಿಳಿಯುವುದಿಲ್ಲ ಸಣ್ಣಜ್ಜ" ಎಂದಳು. ಹಳೆಯ ಓಲೆಗರಿಗಳಲ್ಲಿ ಅಕ್ಷರ ನಶಿಸಿದ ಸ್ಥಳವನ್ನು ಖಾಲಿ ಬಿಟ್ಟು ಪ್ರತಿಮಾಡಬೇಕು, ನಿನ್ನ ಕವಿತ್ವದಿಂದ ತುಂಬಬಾರದು ಎಂದು ನನ್ನ ಗುರುಗಳು ಗದರಿಸಿದ್ದು ಆಗ ನೆನಪಾಯಿತು.

ಮೊದಲ ದಿನವೇ ನನ್ನ ಪಾಂಡಿತ್ಯಕ್ಕೆ ಭಂಗ ಬಂದಿತು. ನೀರಿನ ಅಂಚಿನಲ್ಲಿ ಕೂಗುತ್ತ ಓಡಾಡುತ್ತಿದ್ದ ಉದ್ದಗಾಲಿನ ಹಕ್ಕಿಯೊಂದನ್ನು ತೋರಿಸಿ ಅದು ಟಿಟ್ಟಿಭ ಎಂದಳು. ಸಮುದ್ರದೊಡನೆ ಜಗಳವಾಡಿದ ಟಿಟ್ಟಿಭದ ಕಥೆಯನ್ನು ಪಂಚತಂತ್ರದಿಂದ ನಾನು ಎಷ್ಟೋ ತಂಡಗಳ ವಿದ್ಯಾರ್ಥಿಗಳಿಗೆ ಹೇಳಿದ್ದೆ. ಕಣ್ಣೆದುರು ಬಂದಾಗ ಗುರುತೇ ಸಿಗಲಿಲ್ಲ. ನಾಮದ ಕೋಳಿ, ಗುಳುಮುಳುಕ, ನೀರುಕಾಗೆ, ನೇರಳೆ ಜಂಬುಕೋಳಿ, ಕೊಕ್ಕಿನ ನಡುವೆ ಸಂದಿಯುಳ್ಳ ಬಾಯ್ಕಳಕ ಕೊಕ್ಕರೆ, ಹೀಗೆ ಅವಳು ಒಂದೊಂದನ್ನೇ ಪರಿಚಯ ಮಾಡಿಸಿದಳು. ಕಾವ್ಯಗಳಲ್ಲಿ ಮೇಲಿಂದ ಮೇಲೆ ಬರುವ ಚಕ್ರವಾಕವೆಲ್ಲಿ ಎಂದು ಕೇಳಿದರೆ, ಅದು ಚಳಿಗಾಲಕ್ಕೆ ಉತ್ತರದಿಂದ ಬರುವ ಅತಿಥಿ, ಬೇಸಿಗೆಗೆ ಮೊದಲೇ ಹಿಮಾಲಯದಾಚೆಗೆ ಮರಳುತ್ತದೆ ಎಂಬ ಉತ್ತರ ಬಂದಿತು. ರಾತ್ರಿ ಅಗಲಿ ಗೋಳಿಡುವ ಚಕ್ರವಾಕ ದಂಪತಿಗಳ ಬಗೆಗೆ ಇಷ್ಟು ವರ್ಷ ಕಣ್ಣೀರು ತರಿಸುವಂತೆ ಪಾಠ ಮಾಡಿದ ನನಗೆ ಆ ಹಕ್ಕಿ ಯಾವ ತಿಂಗಳಲ್ಲಿ ಎಲ್ಲಿರುತ್ತದೆಂಬುದು ತಿಳಿದಿರಲಿಲ್ಲ.

ಬುದ್ಧಿವಾದ ಹಾಗೆಯೇ ಉಳಿಯಿತು. ಮರುದಿನದಿಂದ ಅಲಾರಂ ಇಟ್ಟವನು ನಾನೇ.

ಕುಂದವಾಡ, ಟಿ.ವಿ. ಸ್ಟೇಷನ್ ಕೆರೆ, ಕಾಡಿನ ಗುಡ್ಡಗಳ ಮಗ್ಗುಲಲ್ಲಿರುವ ಕೊಂಡಜ್ಜಿಯ ಕೆರೆ, ಇವುಗಳನ್ನು ಮೂರು ವಾರ ಸುತ್ತಿದೆವು. ಕೊಂಡಜ್ಜಿಯಲ್ಲಿ ಸ್ಕೌಟ್ ತರಬೇತಿ ಕೇಂದ್ರವಿರುವುದರಿಂದ ನಮ್ಮ ಮನೆಗಳ ಮಕ್ಕಳು ಅನೇಕರು ಅಲ್ಲಿ ಡೇರೆ ಹೂಡಿ ಮಲಗಿ ಬಂದವರೇ. ಅಲ್ಲಿಯ ವಿಚಾರ ಹೆಚ್ಚು ಹೇಳುವುದಿಲ್ಲ. ನನ್ನ ಮನಸ್ಸು ಅಂಟಿಕೊಂಡಿರುವುದು ಹರಿಹರದ ಹೊಳೆಗೆ.

ನಾನು ಹುಟ್ಟಿದ ಊರು ಹರಿಹರ ತಾಲ್ಲೂಕಿನ ಹೊಳೆದಂಡೆಯದು. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರಿ ಒಂದೇ ಹೊಳೆಯಾಗಿ ನಮ್ಮ ಕಡೆಗೆ ಬರುತ್ತವೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 13ನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಈ ಹೊಳೆಯ ದಂಡೆಯಲ್ಲಿಯೇ ಇದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳವೂ ಹರಿಹರದ ಬಳಿಯೇ ತುಂಗಭದ್ರೆಯನ್ನು ಸೇರುತ್ತದೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ, ಆರು ಸಾವಿರ ಎಕರೆಗೂ ಮೀರಿ ನೀರು ನಿಲ್ಲಿಸಿದ ಆ ಕೆರೆಯನ್ನು ಶಾಂತವ್ವೆಯೆಂಬ ರಾಜಪುತ್ರಿ ಕಟ್ಟಿಸಿದಳೆಂದು ಐತಿಹ್ಯ. ಶಾಂತಿಸಾಗರವೆಂಬ ಹೆಸರು ಅವಳಿಂದಲೇ. ಇಂದಿಗೂ ಚಿತ್ರದುರ್ಗದವರು ಅದರ ನೀರು ಕುಡಿಯುತ್ತಾರೆ. ಆ ಕೆರೆಯ ಗಡಿಯನ್ನು ಅಳತೆ ಮಾಡಿ ಗುರುತಿಸಬೇಕು, ಒತ್ತುವರಿ ತೆರವಾಗಬೇಕು ಎಂದು ಪಾಂಡೋಮಟ್ಟಿ ವಿರಕ್ತಮಠದ ಪೂಜ್ಯ ಗುರುಬಸವ ಸ್ವಾಮಿಗಳು ಖಡ್ಗ ಸಂಘದ ಯುವಕರೊಡನೆ ನಿಂತು ಹೋರಾಡಿದ್ದನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಉಚಿತವಲ್ಲ.

ಏಪ್ರಿಲ್ ಕೊನೆಯಲ್ಲಿ ನಾವು ಹರಿಹರದ ದಂಡೆಯಲ್ಲಿ ನಿಂತಾಗ ಹೊಳೆ ಬಡಕಲಾಗಿತ್ತು. ಬಂಡೆಗಳ ನಡುವೆ ನಿಂತ ಮಡುಗಳಲ್ಲಿ ಹಸಿರು ಪಾಚಿ. ಅವಳು ಬಾಟಲಿಗಳಲ್ಲಿ ನೀರು ತುಂಬಿ, ಹೊತ್ತು, ಸ್ಥಳ, ಉಷ್ಣತೆ ಬರೆದಳು. ಊರ ಬಚ್ಚಲು ನೀರು ಹೊಳೆಗೆ ಸೇರುವ ಕಡೆ ಮೂಗು ಮುಚ್ಚಿಕೊಂಡವನು ನಾನು. ಅವಳು ಮೊಣಕಾಲವರೆಗೆ ಇಳಿದಳು. ಹುಡುಗನಾಗಿದ್ದಾಗ ಈ ಹೊಳೆಯ ಮರಳಿನಲ್ಲಿ ಒರತೆ ತೋಡಿ ಬೊಗಸೆಯಲ್ಲಿ ನೀರು ಕುಡಿದದ್ದನ್ನು ಹೇಳಿದೆ. ಒರತೆ ತೋಡಲು ಈಗ ಮರಳೆಲ್ಲಿದೆ ಎಂದು ಅವಳು ಸುತ್ತ ನೋಡಿದಳು.

ಮರಳಿನ ಮಾತು ಬಂದದ್ದು ಒಳ್ಳೆಯದಾಯಿತು. ನದಿ ರೀವವೆಂಬ ಒಂದು ಹಕ್ಕಿಯಿದೆ. ಬೂದುಬಣ್ಣದ ಮೈ, ಕರಿಯ ಟೋಪಿ, ಹಳದಿ ಕೊಕ್ಕು, ಕವಲೊಡೆದ ಬಾಲ. ಅದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಹೊಳೆಯ ನಡುವೆ ಏಳುವ ಮರಳುದಿಬ್ಬದಲ್ಲಿ ತಗ್ಗು ಮಾಡಿ ಮೊಟ್ಟೆ ಇಡುತ್ತದೆ. ಸುತ್ತ ನೀರಿದ್ದರೆ ನಾಯಿ ನರಿಗಳ ಕಾಟವಿಲ್ಲ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಈ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಬಂದು ಸಂಸಾರ ಹೂಡುವುದನ್ನು ನೋಡಲು ಲಕ್ಕವಳ್ಳಿಗೆ ದೂರದೂರದವರು ಬರುತ್ತಾರೆ. ಆದರೆ ಹೊಳೆಯ ಮರಳು ಲಾರಿ ಏರಿ ಹೋದಲ್ಲಿ ಈ ಹಕ್ಕಿಗೆ ಬಾಣಂತನದ ಮನೆಯೇ ಇಲ್ಲ. ಹರಿಹರದಲ್ಲಿ ನಮಗೆ ಕಂಡದ್ದು ನಾಲ್ಕು. ಹಾರಾಡುತ್ತಿದ್ದವೇ ಹೊರತು ಇಳಿದದ್ದನ್ನು ನೋಡಲಿಲ್ಲ. ಗೂಡು ಎಂಬ ಅಂಕಣದಲ್ಲಿ ಸೊನ್ನೆ ಬಿದ್ದಿತು. ನಮ್ಮ ದಾವಣಗೆರೆಯ ಮನೆಯ ಗಾರೆಗೆ ಮರಳು ಎಲ್ಲಿಂದ ಬಂದಿತ್ತೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳಬೇಕಾಗುತ್ತಿತ್ತು.

ಸೇತುವೆಯ ಆಚೆಗೆ ಕುಮಾರಪಟ್ಟಣದ ಕಾರ್ಖಾನೆಗಳ ಚಿಮಣಿಗಳು ಕಾಣುತ್ತವೆ. ಈ ಕಾಲದ ಹುಡುಗರಿಗೆ ತಿಳಿಯದ ಒಂದು ಇತಿಹಾಸ ಅಲ್ಲಿದೆ. ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದಿಂದ ಹೊಳೆ ಕೆಡುತ್ತಿದೆಯೆಂದು 1980ರ ದಶಕದಲ್ಲಿ ದಂಡೆಯ ಗ್ರಾಮಗಳವರು ದೂರಿದರು. 1984ರಲ್ಲಿ ಆರಂಭವಾದ ಸಮಾಜ ಪರಿವರ್ತನ ಸಮುದಾಯ, ಶ್ರೀ ಎಸ್.ಆರ್. ಹಿರೇಮಠರ ಮುಂದಾಳುತನದಲ್ಲಿ ಆ ದೂರನ್ನು ಚಳವಳಿಯಾಗಿಸಿತು. ಅದೇ 1984ರಲ್ಲಿ ಸರ್ಕಾರವೂ ಆ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಸ್ಥಾಪಿಸಿ, 30,000 ಹೆಕ್ಟೇರು ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಯಲು ಹೊರಟಾಗ, ದನಕರುಗಳ ಹುಲ್ಲುಗಾವಲನ್ನು ಕಳೆದುಕೊಂಡ ರೈತರು 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಹೂಡಿದರು. ಡೊಳ್ಳು ಬಾರಿಸುತ್ತ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಅಲ್ಲಿಯೇ ಹಣ್ಣಿನ, ಮೇವಿನ ಗಿಡಗಳನ್ನು ನೆಟ್ಟರು. ಡಾ. ಶಿವರಾಮ ಕಾರಂತರು ಅರ್ಜಿದಾರರಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಆ ಪಲ್ಪ್‌ವುಡ್ಸ್ ಕಂಪನಿಯನ್ನೇ ಮುಚ್ಚಲಾಯಿತು.

ಇದನ್ನೆಲ್ಲ ದಂಡೆಯ ಮೇಲೆ ಕುಳಿತು ಅವಳಿಗೆ ಹೇಳಿದೆ. "ಆಗ ನೀವೂ ಹೋಗಿದ್ದಿರಾ ಸಣ್ಣಜ್ಜ?" ಎಂದು ಉತ್ಸಾಹದಿಂದ ಕೇಳಿದಳು.

ಹೋಗಿರಲಿಲ್ಲ. ಅಷ್ಟೇ ಅಲ್ಲ, ಆ ವರ್ಷಗಳಲ್ಲಿ ನಾನು ನೆಡುವ ಪಕ್ಷದವನಾಗಿದ್ದೆ. ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ 1983ರಲ್ಲಿ ಬಂದಾಗ ಊರೂರಿಗೆ ನೀಲಗಿರಿ ಸಸಿಗಳು ಬಂದವು. ಹೊಸದಾಗಿ ಉಪಾಧ್ಯಾಯನಾಗಿದ್ದ ನಾನು ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ಕಟ್ಟಿಕೊಂಡು ನಮ್ಮೂರ ಗೋಮಾಳದಲ್ಲಿ ಅವನ್ನು ನೆಡಿಸಿದೆ. ವೃಕ್ಷವೊಂದು ಹತ್ತು ಪುತ್ರರಿಗೆ ಸಮವೆಂದು ಭಾಷಣ ಮಾಡಿದೆ. ಕುರಿಗಾಹಿಗಳು ಬಂದು, "ಸಾಮೇರೇ, ಇದರ ಬುಡದಾಗ ಹುಲ್ಲು ಬೆಳೆಯಂಗಿಲ್ಲ" ಎಂದಾಗ, ಅಜ್ಞಾನಿಗಳೆಂದುಕೊಂಡೆ. ಆ ಗೋಮಾಳದ ಪಕ್ಕದ ಬಾವಿ ಇಂಗಿ ಹೋಗಿ ಎಷ್ಟೋ ವರ್ಷಗಳಾದವು. ನೀಲಗಿರಿಯೊಂದೇ ಕಾರಣವೆಂದು ಹೇಳುವ ಧೈರ್ಯ ನನಗಿಲ್ಲ. ಕಾರಣವಲ್ಲವೆಂದು ಹೇಳುವ ಧೈರ್ಯವೂ ಇಲ್ಲ. 2017ರಲ್ಲಿ ಸರ್ಕಾರವೇ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಹುಡುಗಿ ನನ್ನನ್ನು ದೂಷಿಸಲಿಲ್ಲ. ಹರಿಹರದಿಂದ ಆಚೆಗೆ ಬಹಳ ದೂರವಿಲ್ಲದ ರಾಣೆಬೆನ್ನೂರಿನ ಸಂಗತಿ ಹೇಳಿದಳು. ಅಲ್ಲಿ 1974ರಲ್ಲಿ 119 ಚದರ ಕಿಲೋಮೀಟರು ಪ್ರದೇಶವನ್ನು ಕೃಷ್ಣಮೃಗಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ಎರೆಭೂತವೆಂಬ ಬೃಹತ್ ಹಕ್ಕಿಗೂ ಅದು ತವರಾಗಿತ್ತು. ಬಯಲಲ್ಲಿ ನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಟ್ಟು ಕಾವು ಕೊಡುವ ಆ ಹಕ್ಕಿಗೆ ಬೇಕಾದದ್ದು ದೂರದವರೆಗೆ ಕಣ್ಣು ಹರಿಯುವ ಹುಲ್ಲುಗಾವಲು. ಬಯಲೆಂದರೆ ಬಂಜರೆಂದು ಬಗೆದು ಅಲ್ಲಿ ನೀಲಗಿರಿ ನೆಟ್ಟರು. ಕೃಷ್ಣಮೃಗಗಳು ಹೇಗೋ ಬದುಕಿ ವೃದ್ಧಿಯಾದವು. ಎರೆಭೂತ ಅಲ್ಲಿಂದ ಕಣ್ಮರೆಯಾಯಿತು. ಇಂದು ದೇಶದಲ್ಲೆಲ್ಲ ಕೂಡಿಸಿದರೂ ಅವು ಇನ್ನೂರರ ಒಳಗೆಂದು ಅಂದಾಜು; ಬಹುಪಾಲು ರಾಜಸ್ಥಾನದಲ್ಲಿ. ಮರ ನೆಡುವುದೆಲ್ಲವೂ ಪುಣ್ಯವೆಂದೇ ನಂಬಿದ್ದ ನನಗೆ ಹುಲ್ಲಿಗೂ ಒಂದು ನ್ಯಾಯವಿದೆಯೆಂಬುದು ಅರವತ್ತು ದಾಟಿದ ಮೇಲೆ ತಿಳಿಯಿತು.

ಮೇ ತಿಂಗಳಲ್ಲಿ ಅವಳು ಹನ್ನೆರಡು ದಿನ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗಕ್ಕೆ ಹೋದಳು. ಕೊಂಡುಕುರಿಗಳಿಗಾಗಿ 2011ರಲ್ಲಿ ಘೋಷಿತವಾದ, ಸುಮಾರು 77 ಚದರ ಕಿಲೋಮೀಟರಿನ ಅಭಯಾರಣ್ಯ ಅದು. ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋಗಲಿಲ್ಲ. ತಂಡದಲ್ಲಿ ಇನ್ನಿಬ್ಬರು ಹುಡುಗಿಯರಿದ್ದರು, ಅರಣ್ಯ ಇಲಾಖೆಯ ಅನುಮತಿಯಿತ್ತು, ಜೊತೆಗೆ ವಯಸ್ಸಾದ ಒಬ್ಬ ಕಾವಲುಗಾರರಿದ್ದರು. ಆದರೂ ನನ್ನ ಮನೆಯಾಕೆ ಆ ಹನ್ನೆರಡು ದಿನವೂ ಸಂಜೆಯ ಫೋನು ಬರುವವರೆಗೆ ಊಟ ಮಾಡುತ್ತಿರಲಿಲ್ಲ.

ಅದೇ ಸಮಯದಲ್ಲಿ ಕನ್ಯೆ ಕೇಳಿದ್ದ ಒಂದು ಮನೆಯವರು ದಾವಣಗೆರೆಗೆ ಬಂದವರು ನಮ್ಮಲ್ಲಿಗೂ ಬಂದರು. ಹುಡುಗಿ ಎಲ್ಲಿ ಎಂದರು. ನನ್ನ ಮನೆಯಾಕೆ ಸುಳ್ಳು ಹೇಳಲಾರದವಳು. "ಜಗಳೂರು ಕಾಡಿನಾಗ ಹಿಕ್ಕೆ ಎಣಿಸಾಕ ಹೋಗ್ಯಾಳ್ರೀ" ಎಂದುಬಿಟ್ಟಳು. ಚಹಾ ಕುಡಿದು ಎದ್ದುಹೋದವರು ಮತ್ತೆ ಬರಲಿಲ್ಲ. ನನ್ನ ಅಣ್ಣನ ಮಗ ಒಂದು ತಿಂಗಳು ನನ್ನೊಡನೆ ಮುನಿಸಿಕೊಂಡಿದ್ದನು.

ಮಾತು ಮಾತ್ರ ನಿಜವಾಗಿತ್ತು. ಕೊಂಡುಕುರಿ ಎರಡಡಿ ಎತ್ತರದ, ಇಪ್ಪತ್ತು ಕಿಲೋ ಆಸುಪಾಸಿನ ನಾಚಿಕೆಯ ಪ್ರಾಣಿ. ಗಂಡಿಗೆ ನಾಲ್ಕು ಕೊಂಬು, ಹಿಂದಿನ ಜೋಡಿ ದೊಡ್ಡದು, ಮುಂದಿನದು ಗಿಡ್ಡ, ಹೆಣ್ಣಿಗೆ ಕೊಂಬಿಲ್ಲ. ಭಾರತ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಹಿಂಡು ಕಟ್ಟುವುದಿಲ್ಲ, ಸದ್ದು ಕೇಳಿದರೆ ಪೊದೆಯಲ್ಲಿ ಅಡಗುತ್ತದೆ. ಆದ್ದರಿಂದ ಪ್ರಾಣಿಯನ್ನು ನೋಡಿ ಎಣಿಸುವುದು ಆಗದ ಮಾತು. ಆದರೆ ಅದಕ್ಕೊಂದು ಅಭ್ಯಾಸವಿದೆ: ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಮೇಯಲು ಬಂದ ಆಡಿನ ಹಿಕ್ಕೆ ದಾರಿಯುದ್ದಕ್ಕೂ ಚೆಲ್ಲಿರುತ್ತದೆ, ಕೊಂಡುಕುರಿಯದು ಒಂದೆಡೆ ಗುಡ್ಡೆಯಾಗಿರುತ್ತದೆ ಎಂದು ಮೊದಲ ದಿನವೇ ಕಲಿಸಿಕೊಟ್ಟವರು ಆ ಕಾವಲುಗಾರರು. ನೇರ ಗೆರೆಯಲ್ಲಿ ನಡೆಯುತ್ತ, ಎರಡೂ ಬದಿಯ ಗುಡ್ಡೆಗಳನ್ನು, ಅವು ಹಸಿಯೋ ಒಣಗಿದವೋ, ನೀರಿನ ಹೊಂಡದಿಂದ ಎಷ್ಟು ದೂರವೋ ಬರೆಯುವುದು ಇವರ ಕೆಲಸ. ಕೊಂಡುಕುರಿಗೆ ನೀರು ಹತ್ತಿರವಿರಲೇಬೇಕು. ಬರಗಾಲದ ಬೇಸಿಗೆಯಲ್ಲಿ ಯಾವ ಹೊಂಡ ಉಳಿದಿದೆ, ಯಾವುದು ಬತ್ತಿದೆ ಎಂಬುದರ ಮೇಲೆ ಅದರ ಬದುಕು ನಿಂತಿದೆ.

ಹನ್ನೆರಡು ದಿನಗಳಲ್ಲಿ ಅವಳು ಕೊಂಡುಕುರಿಯನ್ನು ಕಂಡದ್ದು ಒಂದೇ ಸಲ, ಒಂದು ಮುತ್ತುಗದ ಮರದ ಹಿಂದೆ, ಎರಡು ಉಸಿರಿನಷ್ಟು ಹೊತ್ತು. ಅದನ್ನು ಹೇಳುವಾಗ ಕಪ್ಪಾಗಿ ಬಂದ ಆ ಮುಖದಲ್ಲಿ ಕಂಡ ಸಂತೋಷವನ್ನು ನಾನು ಬಣ್ಣಿಸಲಾರೆ.

ಇನ್ನು ಹೇಳಬೇಕಾದದ್ದು ನನಗೆ ಸ್ವಲ್ಪ ಕಷ್ಟದ ವಿಚಾರ.

ನಮ್ಮೂರಿನಲ್ಲಿ ಸಮಾಜದ ವತಿಯಿಂದ ಸಮುದಾಯ ಭವನವೊಂದನ್ನು ಕಟ್ಟಲು ಸಮಿತಿ ರಚನೆಯಾಗಿ, ಹಿರಿಯನೆಂಬ ಕಾರಣಕ್ಕೆ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದ್ದರು. ಊರ ಮುಂದಿನ ತೋಪಿನ ಜಾಗ. ಅಲ್ಲಿ ನಾಲ್ಕು ಹುಣಸೆ, ಎರಡು ಇಪ್ಪೆ, ಒಂದು ಅರಳಿ, ಹೀಗೆ ಏಳು ಹಳೆಯ ಮರಗಳು. ನಕ್ಷೆಯ ಪ್ರಕಾರ ಏಳೂ ಹೋಗಬೇಕು. ಕಟ್ಟಿಗೆ ಮಾರಿ ಬರುವ ಹಣವನ್ನೂ ಜಮಾ ಪಟ್ಟಿಯಲ್ಲಿ ಹಿಡಿದಿದ್ದೆವು. ನಡಾವಳಿಗೆ ಫೆಬ್ರವರಿಯಲ್ಲಿಯೇ ನಾನು ಸಹಿ ಹಾಕಿದ್ದೆ. ಮೇ ಕೊನೆಯಲ್ಲಿ ಊರ ಜಾತ್ರೆಗೆ ಹೋದಾಗ ಹುಡುಗಿಯೂ ಬಂದಿದ್ದಳು. ಸಂಜೆ ಎಲ್ಲರೂ ತೇರಿನ ಕಡೆಗೆ ಹೋದರೆ ಇವಳು ತೋಪಿನಲ್ಲಿ ಕತ್ತೆತ್ತಿ ನಿಂತಿದ್ದಳು. ಹೊತ್ತು ಮುಳುಗಿ ಬಾವಲಿಗಳು ಒಂದೊಂದಾಗಿ ಹೊರಟಾಗ ಎಣಿಸಿದಳು. ಮರುದಿನ ಮತ್ತೆ ಎಣಿಸಿದಳು. 186.

ಭವನದ ಸಂಗತಿ ಅವಳಿಗೆ ತಿಳಿದದ್ದು ಆಮೇಲೆ, ಬೇರೆಯವರಿಂದ. ದಾವಣಗೆರೆಗೆ ಮರಳುವಾಗ ಬಸ್ಸಿನಲ್ಲಿ ಏನೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, "ಸಣ್ಣಜ್ಜ, ಹೊಳೆಸಾಲಿನಲ್ಲಿ ಇಪ್ಪೆಯ ಹೂವಿಗೆ ರಾತ್ರಿ ಬರುವವು ಇವೇ. ಬೀಜ ಒಯ್ದು ಹಾಕುವವೂ ಇವೇ. ವರ್ಷಕ್ಕೆ ಒಂದೇ ಮರಿ. ಈಗ ಎದೆಗೆ ಕಚ್ಚಿಕೊಂಡ ಮರಿಗಳಿವೆ" ಎಂದಷ್ಟೇ ಹೇಳಿ, ಆ ಪುಟದ ಒಂದು ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟಳು. ಸಂಖ್ಯೆ, ದಿನಾಂಕ, ಹೊತ್ತು. ಜೀವದಯೆಯ ಬಗೆಗೆ ನಲವತ್ತು ವರ್ಷ ಪ್ರವಚನ ಮಾಡಿದವನಿಗೆ ಅವಳು ದಯೆಯೆಂಬ ಶಬ್ದವನ್ನು ಒಮ್ಮೆಯೂ ಹೇಳಲಿಲ್ಲ.

ಮೂರು ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲ. ನಾಲ್ಕನೆಯ ದಿನ ಸಮಿತಿಯ ಸಭೆ ಕರೆದೆ. ಆ ಸಭೆಯ ಕಾವು ಇನ್ನೂ ಆರಿಲ್ಲ. ಬಾವಲಿ ಅಪಶಕುನದ ಪ್ರಾಣಿ, ಶುಭಕಾರ್ಯದ ಭವನದ ತಲೆಯ ಮೇಲೆ ಅವು ತೂಗಾಡಬೇಕೇ ಎಂದು ಒಬ್ಬರು. 2018ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನಿಪಾ ರೋಗ ಇವುಗಳಿಂದಲೇ ಅಲ್ಲವೇ ಎಂದು ಇನ್ನೊಬ್ಬರು. ಈ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಉತ್ತರ ಹೇಳಲು ಹುಡುಗಿಯನ್ನೇ ಕರೆದಿದ್ದೆ. ಆ ವೈರಾಣು ಹಣ್ಣು ತಿನ್ನುವ ಬಾವಲಿಗಳಲ್ಲಿ ಇರುವುದು ನಿಜವೆಂದು ಒಪ್ಪಿಕೊಂಡಳು. ಬಾಂಗ್ಲಾದೇಶದಲ್ಲಿ ಬಾವಲಿ ಬಾಯಿಟ್ಟ ಹಸಿ ಈಚಲ ರಸ ಕುಡಿದವರಿಗೆ ರೋಗ ತಗುಲಿದ್ದನ್ನು ತಿಳಿಸಿ, ಕಚ್ಚಿ ಬಿದ್ದ ಹಣ್ಣನ್ನು ಮುಟ್ಟಬಾರದು, ಮರದ ಬುಡದಲ್ಲಿ ಅಡುಗೆ ಮಾಡಬಾರದು, ಅವನ್ನು ಬೆದರಿಸಿ ಓಡಿಸುವುದರಿಂದ ಅಪಾಯ ತಗ್ಗುವುದಿಲ್ಲ, ಬೇರೆ ಕಡೆಗೆ ಹೋಗುತ್ತದೆ ಅಷ್ಟೇ ಎಂದಳು. ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ಬಾವಲಿ ಹಿಂದೆ ಇಲಿಗಳೊಡನೆ ಉಪದ್ರವಜೀವಿಗಳ ಪಟ್ಟಿಯಲ್ಲಿತ್ತು, 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟರೆಂದೂ ಹೇಳಿದಳು. ಇಪ್ಪತ್ತೊಂದರ ಹುಡುಗಿ ಊರ ಹಿರಿಯರ ಮುಂದೆ ಕೈಮುಗಿದು ನಿಂತು, ಗೊತ್ತಿದ್ದದ್ದನ್ನು ಗೊತ್ತೆಂದೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೂ ಹೇಳಿದಳು.

ಗೆದ್ದೆವೆಂದು ಹೇಳುವಂತಿಲ್ಲ. ಊಟದ ಮನೆಯನ್ನು ಉತ್ತರಕ್ಕೆ ಸರಿಸಿ ನಕ್ಷೆ ತಿದ್ದಿಸಿದೆವು. ಅದಕ್ಕೆ ಖರ್ಚು ಹೆಚ್ಚಾಯಿತು. ದೊಡ್ಡ ಮೊತ್ತ ಕೊಡುತ್ತೇನೆಂದಿದ್ದ ದಾನಿಗಳೊಬ್ಬರು ಮುನಿದು ಹಿಂದೆ ಸರಿದರು. ಬಾಲ್ಯದಿಂದ ಒಡನಾಡಿಯಾದ ಅವರು ಇಂದಿಗೂ ನನ್ನೊಡನೆ ಮಾತನಾಡುವುದಿಲ್ಲ. ಎರಡು ಹುಣಸೆ, ಒಂದು ಇಪ್ಪೆ, ಮೂರು ಮರಗಳನ್ನು ಉಳಿಸಲಾಗಲಿಲ್ಲ. ಮರಿಗಳು ಹಾರುವಷ್ಟಾಗಲಿ ಎಂದು ಕಡಿಯುವುದನ್ನು ಮಾತ್ರ ಮುಂದಕ್ಕೆ ಹಾಕಿಸಿದೆ. ಕೊನೆಗೆ ಗರಗಸ ಬಂದ ದಿನ ಬಾವಲಿಗಳೆಲ್ಲ ಎದ್ದು ಹೊಳೆಯ ಆಚೆಗೆ ಹೋದವು. ಎರಡು ತಿಂಗಳು ತೋಪು ಖಾಲಿಯಾಗಿತ್ತು.

ಹುಡುಗಿ ಜೂನ್ ಮೊದಲ ವಾರವೇ ಕಾಲೇಜಿಗೆ ಮರಳಿದ್ದಳು. ಅವಳ ವರದಿ ಇಪ್ಪತ್ತಾರು ಪುಟ. ಅದರಲ್ಲಿ ನನ್ನ ಹೆಸರು ಬರೆಯದೆ "ಸ್ಥಳೀಯ ಹಿರಿಯರೊಬ್ಬರ ನೆರವಿನಿಂದ" ಎಂದಿತ್ತು. ಅದೇ ನವೆಂಬರ್ ತಿಂಗಳಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದವರು ಶೃಂಗೇರಿಯಿಂದ ಪಾದಯಾತ್ರೆ ಹೊರಟು ಹರಿಹರ ತಲುಪಿದಾಗ, ಅವಳು ನೀರು ತುಂಬಿದ್ದ ಆ ದಂಡೆಯಲ್ಲಿ ನಾನೂ ಜನರ ನಡುವೆ ನಿಂತಿದ್ದೆ. ಈಗ ಅವಳು ಸ್ನಾತಕೋತ್ತರ ಪದವಿಗೆ ಸೇರಿದ್ದಾಳೆ. ಅವಳ ತಂದೆ ಯಾರಾದರೂ ಕೇಳಿದರೆ, "ವನ್ಯಜೀವಿ ವಿಜ್ಞಾನ ಓದುತ್ತಾಳೆ" ಎಂದು ಸ್ವಲ್ಪ ದೊಡ್ಡ ದನಿಯಲ್ಲಿಯೇ ಹೇಳುತ್ತಾನೆ. ಚಳಿಗಾಲದಲ್ಲಿ ಬಂದರೆ ನನಗೆ ಚಕ್ರವಾಕ ತೋರಿಸುವುದಾಗಿ ಮಾತು ಕೊಟ್ಟಿದ್ದಾಳೆ.

ನಾನು ಪ್ರತಿ ಹುಣ್ಣಿಮೆಗೆ ಊರಿಗೆ ಹೋಗುತ್ತೇನೆ. ಭವನದ ಕೆಲಸ ಛಾವಣಿಯವರೆಗೆ ಬಂದಿದೆ. ಉಳಿದ ನಾಲ್ಕು ಮರಗಳಿಗೆ ಬಾವಲಿಗಳು ಮರಳಿ ಬಂದಿವೆ. ಕಳೆದ ಹುಣ್ಣಿಮೆಯ ಸಂಜೆ ಅರಳಿಕಟ್ಟೆಯ ಮೇಲೆ ಕುಳಿತು ಎಣಿಸಿದೆ, 112. ರಾತ್ರಿ ಅವಳಿಗೆ ಫೋನಿನಲ್ಲಿ ತಿಳಿಸಿದೆ.

"ಎರಡು ಸಲ ಎಣಿಸಿದಿರಾ ಸಣ್ಣಜ್ಜ?" ಎಂದಳು.

ಒಂದೇ ಸಲ ಎಣಿಸಿದ್ದೆ.